ಊರಿಗೆ ಪರಿಚಯವಾದ ಐರಿನ್

ಲಂಡನ್ನಿನ ಆಚೆಯ ಹಳ್ಳಿಯೊಂದರಲ್ಲಿ ವಿಟ್ಲಾಕ್ ಎಂಬವರ ಮನೆ ಮಾರಾಟಕ್ಕಿತ್ತು. ಉಡುಪಿಯಿಂದ ಹೋಗಿದ್ದ ನರ್ಸ್ ಐರಿನ್ ಪಿಂಟೊಗೆ ಅದೇ ಮನೆ ಬೇಕಿತ್ತು.

"ಊರಿಗೆ ಪರಿಚಯವಿಲ್ಲದವರಿಗೆ ನಾನು ಮನೆ ಕೊಡುವುದಿಲ್ಲ," ಎಂದರು ವಿಟ್ಲಾಕ್ ಠೀವಿಯಿಂದ.

"ಪರಿಚಯವಾದರೆ ಕೊಡ್ತೀರಲ್ಲ?"

"ಖಂಡಿತ."

ಐರಿನ್ ಹಟ ಬಿಡಲಿಲ್ಲ. ಮನೆಮನೆಯ ಬಾಗಿಲು ತಟ್ಟಿ, "ವಿಟ್ಲಾಕ್ ಅವರ ಮನೆ ಕೊಳ್ಳಬೇಕೆಂದಿದ್ದೇನೆ. ಅದರಲ್ಲೇನಾದರೂ ದೋಷ ಇದೆಯಾ?" ಎಂದು ಕೇಳಿದಳು. ಇಂಥ ಪ್ರಶ್ನೆ ಕೇಳಿದವಳನ್ನು ಯಾರು ತಾನೇ ಹೊರಗೆ ನಿಲ್ಲಿಸಿಯಾರು? ಎಲ್ಲರೂ ಒಳಗೆ ಕರೆದು ಚಹಾ ಕೊಟ್ಟರು.

ಭಾನುವಾರ ಅವಳು ವಿಟ್ಲಾಕರನ್ನು ಬೀದಿಗೆ ಕರೆತಂದಳು. ಬೇಕರಿಯವಳು ಕೈಬೀಸಿದಳು: "ಐರಿನ್, ಆ ಸೋರುವ ಸೂರು ನೋಡಿದೆಯಾ?"

ಪಾದ್ರಿಗಳು ಕೂಗಿದರು: "ಐರಿನ್, ಅಡುಗೆಮನೆ ಗೋಡೆಗೆ ತೇವ ಹಿಡಿದಿದೆ, ಮರೀಬೇಡ!"

ಎದುರಿಗೆ ಇನ್ನೊಬ್ಬರು ಬರುವುದು ಕಾಣುತ್ತಲೇ ವಿಟ್ಲಾಕ್ ಬೆವರಿದರು. "ಸಾಕಮ್ಮ, ಸಾಕು! ಮನೆ ನಿನ್ನದೇ. ರಿಪೇರಿ ನಾನೇ ಮಾಡಿಸ್ತೀನಿ, ಮೊದಲು ಇಲ್ಲಿಂದ ನಡಿ!"