ಎಲ್ಲಾದರೂ ಹಣ್ಣಾಗಿರುತ್ತೆ ಅಂದ ಅಡ್ಡೆ ಪಾಲಯ್ಯ

ತುಂಬಾ ಹಿಂದೆ. ಎಷ್ಟು ಹಿಂದೆ ಅಂತ ಕೇಳಬೇಡಿ. ಈಗ ದಾರಿಗೆ ನೆರಳು ಕೊಡುವ ಮರಗಳೆಲ್ಲ ಇನ್ನೂ ಬೀಜವಾಗಿದ್ದ ಕಾಲ. ಕಲ್ಲುಗುಡ್ಡದ ಕೆಳಗೆ ಒಂದು ಊರು. ಆ ಊರಲ್ಲಿ ಪಾಲಯ್ಯ ಅಂತ ಒಬ್ಬನಿದ್ದ.

ಅಡ್ಡೆ ಪಾಲಯ್ಯ ಅನ್ನೋರು. ಹೆಗಲ ಮೇಲೆ ಬಿದಿರಿನ ಅಡ್ಡೆ. ಆ ತುದಿಗೊಂದು ಬುಟ್ಟಿ, ಈ ತುದಿಗೊಂದು ಬುಟ್ಟಿ. ಎರಡರಲ್ಲೂ ಹಣ್ಣು. ಹೊತ್ತೂ ಹೊತ್ತೂ ಹೆಗಲಲ್ಲಿ ಗುಳಿ ಬಿದ್ದಿತ್ತಂತೆ. ಮಳೆ ಬಂದರೆ ಗುಳಿಯಲ್ಲಿ ನೀರು ನಿಲ್ಲುತ್ತಿತ್ತಂತೆ. ಗುಬ್ಬಿ ಬಂದು ಕುಡಿದು ಹೋಗುತ್ತಿತ್ತಂತೆ. ಗುಳಿ ಇದ್ದದ್ದು ನಿಜ. ಗುಬ್ಬಿಯ ಮಾತು ನಂಬಿದರೆ ನಂಬಿ.

ಅವನ ಕೆಲಸ ಒಂದೇ. ಬಸುರಿಯರ ಬಯಕೆ ತೀರಿಸೋದು.

ಬಸುರಿಯ ನಾಲಿಗೆ ಹೇಗೆ ಅಂತ ನಿಮಗೆ ಗೊತ್ತು. ಅಂಗಳದಲ್ಲಿ ಬಿದ್ದದ್ದು ಬೇಡ. ಇಲ್ಲದ್ದೇ ಬೇಕು. ಹಣ್ಣೂ ಹಾಗೇ. ಒಂದು ಊರಲ್ಲಿ ರಾಮಫಲ ಬೇಲಿ ಬೇಲಿಗೂ ಜೋತಾಡುತ್ತೆ, ಕೇಳೋರಿಲ್ಲ. ಎರಡು ಹರದಾರಿ ಆಚೆ ಅದರ ಹೆಸರೇ ಗೊತ್ತಿಲ್ಲ. ಇಲ್ಲಿ ಹಂದಿ ತಿನ್ನುವ ಹಣ್ಣು ಅಲ್ಲಿ ಹೆಂಗಸಿನ ಕನಸಲ್ಲಿ ಬರುತ್ತೆ. ಯಾಕೆ ಹಾಗೆ ಅಂದರೆ ಯಾರೂ ಹೇಳಲ್ಲ. ಹಕ್ಕಿ ಎಲ್ಲಿ ಹಿಕ್ಕೆ ಹಾಕಿತೋ ಅಲ್ಲಿ ಮರ.

ಪಾಲಯ್ಯ ಮೊದಲಿಂದ ಹೀಗಿರಲಿಲ್ಲ. ಮೊದಲು ಅವನು ಉಪ್ಪು ಹೊರುತ್ತಿದ್ದ. ಮನೆಯಲ್ಲಿ ಹೆಂಡತಿ ಓಬಕ್ಕ. ಅವಳು ಬಸುರಾದಳು. ಸುಗ್ಗಿಯ ಕಾಲ. ಪಾಲಯ್ಯ ಜಗಲಿ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಓಬಕ್ಕ ಬಾಗಿಲಿಗೆ ಬಂದು, ನೇರಳೆ ಹಣ್ಣು ತಿನ್ನೋ ಹಂಗಾಗಿದೆ ಅಂದಳು.

ಪಾಲಯ್ಯ ಕೂತಲ್ಲೇ ನಕ್ಕ. "ಸುಗ್ಗೀಲಿ ನೇರಳೆ ಕೇಳ್ತೀಯಲ್ಲೇ! ನಿನ್ನ ತಲೆ ನೆಟ್ಟಗಿದೆಯಾ?"

ಅವಳೂ ನಕ್ಕಳು. "ಹೋಗ್ಲಿ ಬಿಡು. ನಾಲಿಗೆ ಕೇಳ್ತು, ಅಂದೆ."

ಮತ್ತೆ ಕೇಳಲಿಲ್ಲ. ಹೆರಿಗೆಯಲ್ಲಿ ತಾಯಿ ಮಗು ಎರಡೂ ಉಳಿಯಲಿಲ್ಲ. ಬಯಕೆ ತೀರಲಿಲ್ಲ ಅಂತ ಹೀಗಾಯಿತು ಅಂತ ಯಾರೂ ಅನ್ನಲಿಲ್ಲ. ಅವನೂ ಅನ್ನಲಿಲ್ಲ.

ಮುಂದಿನ ಸುಗ್ಗಿಗೆ ಅವನು ಉಪ್ಪು ಹೊತ್ತು ತೆಂಕಣ ದಾರಿ ಹಿಡಿದ. ಅಲ್ಲಿಯವರೆಗೆ ಆ ಕಡೆ ಹೋದವನಲ್ಲ. ನಾಲ್ಕು ದಿನ ನಡೆದ. ನಾಲ್ಕನೆಯ ದಿನ ದಾರಿ ಕಪ್ಪಗಿತ್ತು. ತಲೆ ಎತ್ತಿದ. ನೇರಳೆ ಮರ. ಸುಗ್ಗಿಯಲ್ಲಿ, ಮರದ ತುಂಬ ನೇರಳೆ. ಅಲ್ಲಿ ದನ ಕಾಯುವ ಮುದುಕ, ಇದು ಎರಡು ಸಲ ಬಿಡೋ ಮರ ಕಣಪ್ಪ, ಈ ಸೀಮೆಯಲ್ಲಿ ಇದೊಂದೇ ಹೀಗೆ, ಅಂದನಂತೆ. ಪಾಲಯ್ಯ ಉಪ್ಪಿನ ಮೂಟೆ ಇಳಿಸಿ ಮರದ ಕೆಳಗೆ ಕೂತ. ಒಂದು ಹಣ್ಣೂ ಬಾಯಿಗೆ ಹಾಕಲಿಲ್ಲ. ಸಂಜೆ ಎದ್ದ. ಉಪ್ಪನ್ನು ಆ ಮುದುಕನಿಗೇ ಬಿಟ್ಟು ಬಂದ.

ಅವತ್ತಿಂದ ಯಾವ ಬಸುರಿ ಏನು ಕೇಳಿದರೂ ಇಲ್ಲ ಅನ್ನಲಿಲ್ಲ. ಕಾಲವಲ್ಲ ಅನ್ನಲಿಲ್ಲ. ಎದ್ದು ನಿಲ್ಲೋನು. "ಎಲ್ಲಾದರೂ ಹಣ್ಣಾಗಿರುತ್ತೆ, ತಾಯಿ" ಅನ್ನೋನು. ಹೊರಡೋನು. ಹೊತ್ತು ತಂದ ಹಣ್ಣಲ್ಲಿ ತಾನು ಒಂದನ್ನೂ ತಿನ್ನುತ್ತಿರಲಿಲ್ಲ. ಒಂದು ಹೊತ್ತಿನ ಊಟ ಹಾಕಿದರೆ ಸಾಕು. ಮಗುವಿಗೆ ಹೆಸರಿಡುವ ದಿನ ಕರೆದರೆ ಸಾಕು.

ಒಬ್ಬಳು ಬೇಲದ ಹಣ್ಣು ಕೇಳಿದಳು. ಪಾಳುಕೋಟೆಯೊಳಗಿಂದ ಅದನ್ನು ತಂದನಂತೆ. ಒಬ್ಬಳು ಹೆಸರೇ ಹೇಳಲಿಲ್ಲ. ಹುಳಿಯಲ್ಲ, ಸಿಹಿಯಲ್ಲ, ಕಚ್ಚಿದರೆ ಹಲ್ಲು ಜುಮ್ಮನ್ನಬೇಕು ಅಂದಳು. ಪಾಲಯ್ಯ ಒಂದು ಎಲೆಯಡಿಕೆ ಮುಗಿಯುವಷ್ಟು ಹೊತ್ತು ಯೋಚಿಸಿದ. ಹೋಗಿ ಧಾರೆಹುಳಿ ತಂದ. ಅದೇ! ಅಂದಳಂತೆ. ಅವನು ಮೂಗೆತ್ತಿ ಗಾಳಿ ಮೂಸಿದರೆ ಯಾವ ಗುಡ್ಡದಲ್ಲಿ ಏನು ಹಣ್ಣಾಗಿದೆ ಅಂತ ತಿಳಿಯುತ್ತಿತ್ತಂತೆ. ಮಂಗಗಳು ಅವನಿಗೆ ಕೊಂಬೆ ಬಗ್ಗಿಸಿ ಹಿಡಿಯುತ್ತಿದ್ದವಂತೆ. ಹಾಗೆ ಹೇಳ್ತಾರೆ.

ಒಂದೂರ ಪಟೇಲ ಡೊಳ್ಳು ಹೊಟ್ಟೆಯವನು. ನನಗೂ ಬಯಕೆಯಾಗಿದೆ, ಏನಾದರೂ ತಾ ಅಂತ ಗೇಲಿ ಮಾಡಿದ. ಪಾಲಯ್ಯ ನಗಲಿಲ್ಲ. ಎಂಟು ದಿನ ಬಿಟ್ಟು ಬಂದ. ಬುಟ್ಟಿ ತುಂಬ ಹಾಗಲಕಾಯಿ. "ಇದು ತಿಂದರೆ ಬೇಗ ಇಳಿಯುತ್ತೆ, ಪಟೇಲರೇ" ಅಂದ. ಆ ಊರಲ್ಲಿ ಹಾಗಲಕಾಯಿಗೆ ಈಗಲೂ ಪಟೇಲನ ಬಯಕೆ ಅಂತಲೇ ಕರೀತಾರೆ.

ಹೀಗಿರುವಾಗ ಪಾಲಯ್ಯನ ಊರಿಗೇ ಒಬ್ಬಳು ಸೊಸೆ ಬಂದಳು. ಹೆಸರು ಬೆಳ್ಳಿ. ತೆಂಕಣ ಬೆಟ್ಟದವಳು. ಐದು ದಿನದ ದಾರಿ, ನೇರಳೆ ಮರ ದಾಟಿ ಇನ್ನೊಂದು ದಿನ. ಅತ್ತೆ ಬೋರಕ್ಕ. ಬಾಯಿ ಜೋರು, ಕೈ ಮೆತ್ತಗೆ. ಬೆಳ್ಳಿಗೆ ಎರಡು ಬಸುರು ನಿಂತು ಇಳಿದಿದ್ದವು. ಈಗ ಮೂರನೆಯದು. ಐದನೆ ತಿಂಗಳು. ಏನು ತಿಂದರೂ ವಾಂತಿ. ಮುದ್ದೆ ನೋಡಿದರೆ ಮುಖ ತಿರುಗಿಸೋಳು. ಕೈಬಳೆ ಮೊಣಕೈವರೆಗೆ ಜಾರುತ್ತಿದ್ದವು. ಸೂಲಗಿತ್ತಿ ಬಂದು ನೋಡಿದಳು. ಇವಳು ಉಣ್ಣದಿದ್ದರೆ ಇದೂ ನಿಲ್ಲಲ್ಲ, ಇವಳು ನಿಲ್ಲೋದೂ ಕಷ್ಟ, ಅಂದು ಹೋದಳು.

ಬೋರಕ್ಕ ಪಾಲಯ್ಯನ ಮನೆ ಬಾಗಿಲಿಗೆ ಬಂದಳು. "ಏನು ಬೇಕೇ ಅಂದ್ರೆ ಹಸಿರುಹಣ್ಣು ಅಂತಾಳೆ ಕಣೋ. ಅವರೂರಲ್ಲಿ ಬಿಡುತ್ತಂತೆ. ಹಸಿರು ಅಂದ್ಮೇಲೆ ಕಾಯಿ, ಹಣ್ಣು ಹೆಂಗಾಯ್ತು?"

ಪಾಲಯ್ಯ ಆಗಲೇ ಎದ್ದು ನಿಂತಿದ್ದ.

ಐದು ದಿನ ನಡೆದ. ಆ ಬೆಟ್ಟದಲ್ಲಿ ಯಾವನೋ ದೊರೆ ಹಡಗಲ್ಲಿ ತರಿಸಿ ನೆಟ್ಟ ಗಿಡಗಳು. ದೊರೆ ಹೋದ, ಗಿಡ ಉಳಿದವು. ಬೂದುಬಣ್ಣದ ಎಲೆ. ಎಲೆ ನಡುವೆ ಮೊಟ್ಟೆಯಂಥ ಹಸಿರು ಕಾಯಿ. ಕಾಯೋರೂ ಇಲ್ಲ, ಕೇಳೋರೂ ಇಲ್ಲ. ಪಾಲಯ್ಯ ಚೆನ್ನಾಗಿ ಬಲಿತದ್ದನ್ನು ಆರಿಸಿ ಕಿತ್ತ. ಬುಟ್ಟಿ ತುಂಬಿದ. ತಂದ.

ಬೋರಕ್ಕ ಅದನ್ನು ಹುಲ್ಲಲ್ಲಿ ಮುಚ್ಚಿ ಹಣ್ಣಿಗೆ ಇಟ್ಟಳು. ಬೆಳಗ್ಗೆ ತೆಗೆದು ನೋಡೋಳು. ಹಸಿರು. ಸಂಜೆ ನೋಡೋಳು. ಹಸಿರು. ಊರ ಹೆಂಗಸರೆಲ್ಲ ಬಂದು ಒತ್ತಿ ನೋಡಿದರು. ಇವತ್ತು ಹಳದಿ ತಿರುಗುತ್ತೆ, ನಾಳೆ ತಿರುಗುತ್ತೆ. ಐದನೆ ದಿನಕ್ಕೆ ಕಾಯಿ ಸುಕ್ಕುಗಟ್ಟಿತು. ಹಸಿರಾಗಿಯೇ ಸುಕ್ಕುಗಟ್ಟಿತು.

ಆಗ ಬೆಳ್ಳಿ ಮೂಲೆಯಿಂದ ಮೆಲ್ಲಗೆ ಅಂದಳು. "ಅದು ಬಣ್ಣ ತಿರುಗಲ್ಲ, ಅತ್ತೆ. ಮರದಿಂದ ಕೀಳಬಾರದು. ತಾನಾಗಿ ಬಿದ್ದರೇನೇ ಹಣ್ಣು."

"ಅಯ್ಯೋ ನಿನ್ನ! ಮೊದಲೇ ಬಾಯಿ ಬಿಡಬಾರದಿತ್ತೇನೇ?"

"ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡೆ. ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು."

ಬೋರಕ್ಕ ಹಣೆ ಚಚ್ಚಿಕೊಂಡಳು. ಪಾಲಯ್ಯ ಬುಟ್ಟಿ ಕೊಡವಿದ. ಮತ್ತೆ ಹೊರಟ.

ಈ ಸಲ ಮರದ ಕೆಳಗೆ ಹುಲ್ಲು ಹಾಸಿ ಕೂತ. ಒಂದು ಹಗಲು ಕಾದ. ಟಪ್ ಅಂತ ಒಂದು. ಟಪ್ ಅಂತ ಇನ್ನೊಂದು. ಆಗ ಬಂತು ನೋಡಿ ವಾಸನೆ. ಮರುಗ, ಬೆಲ್ಲ, ಸೀಬೆ ಮೂರನ್ನೂ ಒಟ್ಟಿಗೆ ಮೂಗಿಗೆ ಹಿಡಿದ ಹಾಗೆ. ಬಿದ್ದದ್ದನ್ನೇ ಆರಿಸಿ ತುಂಬಿ ಹೊತ್ತ. ಊಟಕ್ಕೆ ಇಳಿಸಿದ, ನಿದ್ದೆಗೆ ಇಳಿಸಿದ, ನೀರಿಗೆ ಇಳಿಸಿದ. ಮೂರನೆಯ ದಿನ ವಾಸನೆ ಹೋಯಿತು. ಐದನೆಯ ದಿನ ಊರು ಸೇರಿದಾಗ ಬುಟ್ಟಿಯಲ್ಲಿ ಕಂದು ಗಂಜಿ.

ಹಿತ್ತಿಲ ಕಡೆಯಿಂದ ಬಂದ. ಮುಖ ತೋರಿಸಲಾರದೆ ಬುಟ್ಟಿ ಇಟ್ಟ. ಬೆಳ್ಳಿ ಬುಟ್ಟಿಯ ತಳಕ್ಕೆ ಬೆರಳು ಅದ್ದಿ ಮೂಸಿದಳು. ಕಣ್ಣಲ್ಲಿ ನೀರು ಬಂತು. ಆ ಬೆರಳನ್ನೇ ಮೂಗಿಗೆ ಹಿಡಿದು ಎರಡು ತುತ್ತು ಮುದ್ದೆ ನುಂಗಿದಳು. ಎರಡೂ ಹೊಟ್ಟೆಯಲ್ಲಿ ನಿಂತವು.

ಬೋರಕ್ಕ ಅದನ್ನು ನೋಡಿದಳು. ಪಾಲಯ್ಯನೂ ನೋಡಿದ.

"ಒಂದು ಸಲ ಬಿದ್ದ ಹಣ್ಣು ಎರಡನೇ ಪೆಟ್ಟು ತಾಳಲ್ಲ, ಅಣ್ಣಾ" ಅಂದಳು ಬೆಳ್ಳಿ. "ನೆಲಕ್ಕೆ ಇಳಿಸಿದ ಸಲಕ್ಕೊಂದು ಪೆಟ್ಟು. ಯಾರೂ ತರಲಾರದೇ ಅದು ನಮ್ಮ ಬೆಟ್ಟದಲ್ಲೇ ಉಳಿದಿದೆ. ನೀವು ಬಿಡಿ."

ಮರದಲ್ಲಿ ಇನ್ನು ಹತ್ತು ಹನ್ನೆರಡು ದಿನಕ್ಕಾಗುವಷ್ಟೇ ಹಣ್ಣು. ದಾರಿ ಐದು ದಿನ. ಹಣ್ಣಿನ ಆಯಸ್ಸು ಎರಡು ದಿನ. ಪಾಲಯ್ಯನ ಕಾಲು ಎರಡೇ.

ಪಾಲಯ್ಯ ಅಲ್ಲಿಯವರೆಗೆ ಯಾರ ಹತ್ತಿರವೂ ಏನೂ ಕೇಳಿದವನಲ್ಲ. ಈ ಸಲ ಹೋಗುವಾಗ ದಾರಿಯ ಒಂದೊಂದು ಊರಲ್ಲೂ ನಿಂತ. ಬಯಕೆ ತೀರಿಸಿದ್ದ ಮನೆಗಳ ಬಾಗಿಲು ತಟ್ಟಿದ. ಬರೋ ಸೋಮವಾರ ಒಂದು ಹೆಗಲು ಬೇಕು, ಅಂದ. ಬುಟ್ಟಿ ನೆಲ ಮುಟ್ಟಬಾರದು, ಓಡಬೇಕು, ಅಷ್ಟೇ ಅಂದ.

ಗಂಡಸರು ತಲೆ ಕೆರೆದರು. ಸುಗ್ಗಿ, ಕಣದಲ್ಲಿ ರಾಶಿ ಇದೆ, ಅಂದರು. ಹೆಂಗಸರು ಬಿಡಲಿಲ್ಲ. ಒಬ್ಬಳು ಸೌಟು ಹಿಡಿದೇ ಹೊರಗೆ ಬಂದಳಂತೆ. "ಅವತ್ತು ರಾಮಫಲ ತಾ ಅಂದ್ರೆ ಎಲ್ಲಿಂದ ತರಲಿ ಅಂದಿದ್ಯಲ್ಲ? ತಂದೋನು ಇವನು. ನಿನ್ನ ಮಗಳು ಅಲ್ಲಿ ಕುಣೀತಾ ಇದಾಳೆ ನೋಡು. ರಾಶಿ ನಾನು ಕಾಯ್ತೀನಿ. ನೀನು ಹೋಗಿ ಹೆಗಲು ಕೊಡು!" ಡೊಳ್ಳು ಹೊಟ್ಟೆ ಪಟೇಲನೂ ನಾನೂ ಬರ್ತೀನಿ ಅಂದನಂತೆ. ಅವನಿಗೆ ಇಳಿಜಾರು ದಾರಿ ಕೊಟ್ಟರಂತೆ.

ಸೋಮವಾರ. ಪಾಲಯ್ಯ ಬೆಳಗಿನ ಜಾವ ಬಿದ್ದ ಹಣ್ಣು ಆರಿಸಿದ. ಬುಟ್ಟಿಗೆ ಮೆತ್ತನೆ ಹುಲ್ಲು, ಹುಲ್ಲ ಮೇಲೆ ಹಣ್ಣು. ಅಡ್ಡೆ ಹೆಗಲಿಗೇರಿಸಿ ಬೆಟ್ಟ ಇಳಿದ. ಒಂದು ದಿನದ ದಾರಿಯನ್ನು ಹೊತ್ತು ನೆತ್ತಿಗೇರುವಷ್ಟರಲ್ಲಿ ಓಡಿ ಮುಗಿಸಿದನಂತೆ. ನೇರಳೆ ಮರದ ಕೆಳಗೆ ಮೊದಲ ಹೆಗಲು ಕಾದಿತ್ತು. ಬಗ್ಗಲಿಲ್ಲ, ಇಳಿಸಲಿಲ್ಲ. ಹೆಗಲಿಂದ ಹೆಗಲಿಗೆ ಅಡ್ಡೆ ಜಾರಿತು. ಆ ಆಸಾಮಿ ಓಡಿದ.

ಪಾಲಯ್ಯ ಅಲ್ಲೇ ನಿಂತ. ಎಷ್ಟೋ ವರ್ಷದ ಮೇಲೆ ಹೆಗಲು ಬರಿದು. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಮರದ ಕೆಳಗೆ ಕೂತ. ಮರ ಆ ಸುಗ್ಗಿಯಲ್ಲೂ ಬಿಟ್ಟಿತ್ತು. ಒಂದು ನೇರಳೆ ತೊಡೆ ಮೇಲೆ ಬಿತ್ತು. ಅದನ್ನು ಬಹಳ ಹೊತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದ. ಆಮೇಲೆ ತಿಂದ. ಇನ್ನೊಂದು ತಿಂದ. ಓಬಕ್ಕನಿಗೆ ಅಂತ ಒಂದು, ತನಗೆ ಅಂತ ಒಂದು. ಹೀಗೇ ಸಂಜೆವರೆಗೂ ತಿಂದನಂತೆ.

ಅತ್ತ ಅಡ್ಡೆ ಓಡುತ್ತಿತ್ತು. ಮಂಟಪದ ಹತ್ತಿರ ಒಂದು ಹೆಗಲು, ಬಾವಿಯ ಹತ್ತಿರ ಒಂದು ಹೆಗಲು. ಹೊಳೆಯಲ್ಲಿ ಎದೆಮಟ್ಟ ನೀರು, ನಾಲ್ಕು ಜನ ಕೈ ಮೇಲೆತ್ತಿ ದಾಟಿಸಿದರು. ಪಟೇಲ ಇಳಿಜಾರಲ್ಲಿ ಓಡಿದ. ನಿಲ್ಲಲಾಗದೆ ಮುಂದಿನವನನ್ನೂ ದಾಟಿ ಹೋದನಂತೆ. ಕತ್ತಲಲ್ಲೂ ಅಡ್ಡೆ ನಿಲ್ಲಲಿಲ್ಲ, ನೆಲ ಮುಟ್ಟಲಿಲ್ಲ. ಮರುದಿನ ಹಾಲು ಕರೆಯುವ ಹೊತ್ತಿಗೆ ಬೋರಕ್ಕ ಮೂಗೆತ್ತಿದಳು. ಅಡ್ಡೆ ಕಾಣುವ ಮೊದಲೇ ವಾಸನೆ ಊರು ಹೊಕ್ಕಿತ್ತು.

ಬುಟ್ಟಿಯನ್ನು ಬೆಳ್ಳಿಯ ಮಡಿಲಿಗೇ ಇಳಿಸಿದರು. ಅವಳು ಹೆಬ್ಬೆರಳಲ್ಲಿ ಹಣ್ಣು ಸೀಳಿದಳು. ಒಳಗೆ ಬೆಳ್ಳಗೆ, ನಡುವೆ ಲೋಳೆ. ಹೀರಿದಳು. ಒಂದು, ಎರಡು, ಮೂರು. ಊರೆಲ್ಲ ಉಸಿರು ಹಿಡಿದು ನಿಂತಿತ್ತು. ವಾಂತಿಯಾಗಲಿಲ್ಲ. ಮಧ್ಯಾಹ್ನ ಅವಳೇ ಮುದ್ದೆ ಕೇಳಿದಳು. ಬೋರಕ್ಕ ಒಲೆ ಮುಂದೆ ಕೂತು ಅತ್ತಳು. ಹೊಗೆ, ಹೊಗೆ ಅಂದಳು.

ನಾಲ್ಕು ದಿನದ ಮೇಲೆ ಪಾಲಯ್ಯ ಬಂದ. ನಿಧಾನವಾಗಿ, ಕೈ ಬೀಸಿಕೊಂಡು. ಮಡಿಲಲ್ಲಿ ಕಟ್ಟಿಕೊಂಡ ನೇರಳೆ ದಾರಿಯುದ್ದಕ್ಕೂ ತಿನ್ನುತ್ತಾ ಬಂದಿದ್ದ. ಮಕ್ಕಳು ಅವನ ನಾಲಿಗೆ ನೋಡಿ ಹೋ ಅಂತ ಕೂಗಿದವು. ಬೋರಕ್ಕ ಸೊಂಟಕ್ಕೆ ಕೈಯಿಟ್ಟಳು. "ನಾವಿಲ್ಲಿ ಜೀವ ಹಿಡ್ಕೊಂಡು ಕೂತಿದ್ರೆ ಇವನು ಅಲ್ಲಿ ನೇರಳೆ ಮೇಯ್ತಾ ಇದ್ನಂತೆ! ನಿನಗೂ ಬಯಕೆಯಾ?"

"ಹೂಂ ಕಣಕ್ಕ" ಅಂದ ಪಾಲಯ್ಯ. ಊದಾ ನಾಲಿಗೆ ತೋರಿಸಿ ನಕ್ಕ. ಅವನು ನಕ್ಕದ್ದನ್ನು ಆ ಊರು ಎಷ್ಟೋ ವರ್ಷದ ಮೇಲೆ ನೋಡಿತಂತೆ.

ಬೆಳ್ಳಿಗೆ ಹೆಣ್ಣು ಮಗು ಆಯಿತು. ನಿಂತಿತು, ನಡೆಯಿತು. ಹೆಸರು ಓಬಕ್ಕ.

ಬೆಳ್ಳಿ ಬೀಜ ಊರಿದಳು. ಗಿಡ ಬಂತು. ಕೆಂಪು ಹೂ ಬಿಡುತ್ತೆ, ಕಾಯಿ ಕಟ್ಟಲ್ಲ. ಅಲ್ಲಿಯದು ಅಲ್ಲೇ. ಹೂವಿನ ಎಸಳು ಸಿಹಿ, ಮಕ್ಕಳು ಕಿತ್ತು ತಿಂತಾರೆ. ಏಳನೇ ತಿಂಗಳಲ್ಲಿ ಆ ಊರಿನ ಬಸುರಿಗೆ ಹಣ್ಣಿನ ಬುಟ್ಟಿ ಕೊಡುವಾಗ ಈಗಲೂ ಅದನ್ನು ಊರಬಾಗಿಲಿಂದ ಹೆಗಲಿಂದ ಹೆಗಲಿಗೆ ದಾಟಿಸ್ತಾರೆ. ಅವಳ ಮಡಿಲಿಗೇ ಇಳಿಸಬೇಕು. ನೆಲ ಮುಟ್ಟಿಸಿದವನಿಗೆ ಆ ದಿನ ಹಾಗಲಕಾಯಿ ಪಲ್ಯ.

ಇನ್ನೊಂದು ನಡೆಸಿಕೊಂಡು ಬಂದಿದಾರೆ. ಸುಗ್ಗಿಯಲ್ಲಿ ನೇರಳೆ ಕೇಳಿದರೂ ಸರಿ, ಆ ಊರಲ್ಲಿ ಯಾವ ಗಂಡನೂ ಕೂತು ನಗಲ್ಲ. ಏಳಬೇಕು. ಟವಲು ಹೆಗಲಿಗೆ ಹಾಕಬೇಕು. ಎಲ್ಲಾದರೂ ಹಣ್ಣಾಗಿರುತ್ತೆ ಅನ್ನಬೇಕು. ಹೊಸ್ತಿಲು ದಾಟಿ ಹತ್ತು ಹೆಜ್ಜೆಯಾದರೂ ಇಡಬೇಕು. ಆಮೇಲೆ ಅವಳು ಹಿಂದಿಂದ ಕೂಗಿ ಕರೆದರೆ ತಿರುಗಿ ಬರಬಹುದು. ನಗೋದಿದ್ದರೆ ಆಗ ಇಬ್ಬರೂ ನಗಬಹುದು.