ತೂಬು ತೆರೆಸಿದವರು ಯಾರು?

ಕೆರೆಯ ಕಡತಗಳನ್ನು ಕಾಯುವ ಅಧಿಕಾರ ಆಮೆಯದು. ಯಾರೋ ತೂಬು ತೆರೆಸಿ ನೀರು ಇಳಿದಾಗ, ಜೊಂಡಿನ ನಡುವೆ ನೀರುಕೋಳಿ ಕಟ್ಟಿದ್ದ ಗೂಡು ಒಣನೆಲದ ಮೇಲೆ ಉಳಿಯಿತು. ನೀರುಕೋಳಿ ಆಮೆಯ ಬಳಿಗೆ ಓಡಿತು.

“ಸ್ವಾಮಿ, ತೂಬು ತೆರೆಸಿದವರು ಯಾರು?”

“ಅದು ಅವರ ವೈಯಕ್ತಿಕ ಮಾಹಿತಿ, ಕೊಡಲಾಗದು,” ಎಂದು ಆಮೆ ಚಿಪ್ಪಿನೊಳಗೆ ತಲೆ ಎಳೆದುಕೊಂಡಿತು.

ನೀರುಕೋಳಿ ಮರಳುವಷ್ಟರಲ್ಲಿ ಗೂಡು ಬರಿದಾಗಿತ್ತು. “ನರಿ ಬಂದಿತ್ತು. ಯಾರ ಗೂಡು ಎಲ್ಲಿದೆ ಎಂದು ಆಮೆಯೇ ಗುರುತು ಹೇಳಿತಂತೆ,” ಎಂದಿತು ಪಕ್ಕದ ಕಪ್ಪೆ.

ನೀರುಕೋಳಿ ಅಳುತ್ತ ಕೂರಲಿಲ್ಲ. ಕೆರೆಯ ಹಕ್ಕಿಗಳನ್ನೆಲ್ಲ ಕರೆತಂದು ಆಮೆಯೆದುರು ನಿಂತಿತು.

“ನನ್ನ ಮನೆಯ ವಿಷಯವನ್ನು ನರಿಗೆ ಹೇಳಿದಿರಿ. ಎಲ್ಲರೂ ಕುಡಿಯುವ ನೀರಿನ ವಿಷಯ ಮಾತ್ರ ನಿಮಗೆ ಗುಟ್ಟೇ? ನನ್ನ ಮಕ್ಕಳು ಮೊಟ್ಟೆಯೊಡೆದು ಹೊರಬರುವುದರಲ್ಲಿದ್ದರು. ಹೇಳಿ, ತೂಬು ತೆರೆಸಿದ್ದು ಯಾರು?”

ಆಮೆ ಗುಂಪನ್ನು ನೋಡಿ ದನಿ ತಗ್ಗಿಸಿತು. “ಗಲಾಟೆ ಬೇಡ. ಹತ್ತಿರ ಬಾ, ನಿನಗೊಬ್ಬಳಿಗೆ ಕಿವಿಯಲ್ಲಿ ಹೇಳುತ್ತೇನೆ.”

“ಕಿವಿಯಲ್ಲಿ ಬೇಡ,” ಎಂದಿತು ನೀರುಕೋಳಿ. “ಇವರೆಲ್ಲರಿಗೂ ಕೇಳುವಂತೆ ಹೇಳಿ.”

ಹಕ್ಕಿಗಳು ಒಂದೂ ಕದಲಲಿಲ್ಲ. ಆಮೆ ಗಟ್ಟಿಯಾಗಿ ಹೇಳಲೇಬೇಕಾಯಿತು:

“ನರಿ.”