ಮೊಲದ ಪಾಠ ಕಲಿತ ಮುಂಗುಸಿ ಮರಿ

ಕಲ್ಲುಗುಡ್ಡದ ಕೆಳಗೆ ಒಂದು ಕುರುಚಲು ಕಾಡು. ಅಲ್ಲಿ ಒಂದು ಬಿದಿರುಮೆಳೆ. ಮೆಳೆಯ ಈಚೆಗೆ ತುಂಗಕ್ಕ ಎಂಬ ಮುಂಗುಸಿಯ ಮನೆ, ಆಚೆಗೆ ಪದ್ದಕ್ಕ ಎಂಬ ಮೊಲದ ಮನೆ. ತುಂಗಕ್ಕನಿಗೆ ಒಬ್ಬನೇ ಮಗ, ಮೋಟ. ಪದ್ದಕ್ಕನಿಗೆ ಮಕ್ಕಳು ಬಹಳ. ಅವರಲ್ಲಿ ಶಾಲೆಯ ವಯಸ್ಸಿಗೆ ಬಂದವಳು ಬೆಳ್ಳಿ.

ಶಾಲೆ ಇದ್ದದ್ದು ಗುಡ್ಡದ ನೆತ್ತಿಯ ಮೇಲೆ. ಅಲ್ಲಿ ಬಂಡೆಯ ನಡುವೆ ಒಂದು ಹೊಂಡ, ಬೇಸಿಗೆಯಲ್ಲೂ ನೀರು ಬತ್ತುತ್ತಿರಲಿಲ್ಲ. ಕೆಳಗೆ ಕಾಡಿಗೆ ಬೆಂಕಿ ಬಿದ್ದರೂ ಮೇಲಿರುವ ಮಕ್ಕಳಿಗೆ ಭಯವಿಲ್ಲ. ಆದರೆ ಆ ಹೊಂಡದ ನೀರು ಎಷ್ಟು ಬಾಯಿಗೆ ಸಾಕಾದೀತು? ಅದಕ್ಕೇ ಒಂದು ಪರೀಕ್ಷೆ. ಪಾಸಾದವರಿಗೆ ಸೀಟು, ಉಳಿದವರಿಗೆ ಬೇಸಿಗೆ.

ಪರೀಕ್ಷೆ ಹತ್ತಿರ ಬಂದಂತೆ ಕಾಡಿನಲ್ಲಿ ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ತಾಯಂದಿರು ಮಕ್ಕಳನ್ನು ಬಗಲಿಗೆ ಒತ್ತಿಕೊಂಡು ಸುತ್ತುದಾರಿಯಲ್ಲಿ ನಡೆಯತೊಡಗಿದರು. ಒಂದು ಬೆಳಿಗ್ಗೆ ತುಂಗಕ್ಕ ಮತ್ತು ಪದ್ದಕ್ಕ ಮಕ್ಕಳ ಸಮೇತ ಮೆಳೆಯ ಹತ್ತಿರ ಎದುರುಬದುರಾದರು.

"ಏನು ಪದ್ದಕ್ಕ, ಬೆಳ್ಳಿ ಓದ್ತಾ ಇದ್ದಾಳಾ?"

"ಎಲ್ಲಿ ಓದ್ತಾಳೆ ತುಂಗಕ್ಕ! ಬೆಳಗಾದ್ರೆ ಆಟ, ಸಂಜೆಯಾದ್ರೆ ಆಟ. ನಿಮ್ಮ ಮೋಟ?"

"ಅಯ್ಯೋ, ಅವನಾ? ತೂಕಡಿಸೋದು ಬಿಟ್ಟು ಬೇರೇನೂ ಬರಲ್ಲ."

"ಟ್ಯೂಷನ್ನಿಗೆ ಹಾಕಿಲ್ವಾ?"

"ಟ್ಯೂಷನ್ನಾ? ಅವೆಲ್ಲ ನಮಗೆ ಸೇರಲ್ಲಪ್ಪ. ನೀವು?"

"ಛೆ, ಛೆ! ಮಗು ಆಡಿಕೊಂಡಿರಲಿ ಬಿಡಿ ಅಂತ."

ಇಬ್ಬರು ಮಕ್ಕಳ ಪಾದಕ್ಕೂ ಒಂದೇ ಹುತ್ತದ ಕೆಂಪು ಮಣ್ಣು ಮೆತ್ತಿತ್ತು. ಇಬ್ಬರು ತಾಯಂದಿರೂ ಅದನ್ನು ನೋಡಿದರು. ಇಬ್ಬರೂ ನೋಡದವರಂತೆ ನಕ್ಕು ಮನೆಗೆ ಹೋದರು. ನಾನು ಬೇಕಾದಷ್ಟು ಕಾಡು ಸುತ್ತಿದ್ದೇನೆ, ಮಕ್ಕಳೇ. ಕಾಡು ಬದಲಾದರೆ ಮರ ಬದಲಾಗುತ್ತದೆ, ನೀರಿನ ರುಚಿ ಬದಲಾಗುತ್ತದೆ; ಈ ಮಾತುಕತೆ ಮಾತ್ರ ಬದಲಾಗುವುದಿಲ್ಲ.

ಆ ಹುತ್ತದ ಹಿಂದೆ ಟ್ಯೂಷನ್ ಹೇಳುತ್ತಿದ್ದವರು ಉಡದ ಮೇಷ್ಟ್ರು. ಫೀಸು ಮೊಟ್ಟೆ. ಯಾರ ಮೊಟ್ಟೆ ಎಂದು ಅವರು ಕೇಳುತ್ತಿರಲಿಲ್ಲ. ಅವರದೊಂದು ಪದ್ಧತಿ: ಒಂದೊಂದು ಮಗುವಿಗೆ ಬೇರೆ ಬೇರೆ ಹೊತ್ತು, ಬೇರೆ ಬೇರೆ ಪಾಠ. ಒಬ್ಬರ ಪಾಠ ನಡೆಯುವಾಗ ಇನ್ನೊಬ್ಬರು ಅತ್ತ ಸುಳಿಯುವಂತಿಲ್ಲ.

ತುಂಗಕ್ಕನ ನಿದ್ದೆ ಕೆಡಿಸಿದ್ದು ಇದೇ.

"ಇವತ್ತು ಮೇಷ್ಟ್ರು ಏನು ಹೇಳಿಕೊಟ್ರೋ?" ಎಂದು ಮಗನನ್ನು ಕೇಳಿದಳು.

"ನಿಂತುಕೊಳ್ಳೋದು."

"ನಿನ್ನೆ?"

"ನಿಂತುಕೊಳ್ಳೋದು. ಹಾವು ಬಂದ್ರೆ ಓಡಬಾರದಮ್ಮ. ಕೂದಲು ನಿಮಿರಿಸಿ ಅದರ ಕಣ್ಣನ್ನೇ ನೋಡ್ತಾ ನಿಲ್ಲಬೇಕು. ಅದು ಹೊಡೆಯೋಕೆ ಬಂದಾಗ ಚಂಗನೆ ಪಕ್ಕಕ್ಕೆ ಜಿಗೀಬೇಕು. ನಾನು ಚೆನ್ನಾಗಿ ನಿಲ್ತೀನಂತೆ."

"ನಿಂತುಕೊಳ್ಳೋಕೆ ಮೇಷ್ಟ್ರು ಬೇಕಾ? ಮರ ನಿಂತಿದೆ, ಕಲ್ಲು ನಿಂತಿದೆ. ಅವಕ್ಕೆ ಯಾರು ಟ್ಯೂಷನ್ ಹೇಳಿದ್ರು?" ಎಂದು ತುಂಗಕ್ಕ ಮೂಗು ಮುರಿದಳು. "ಏನೋ ಮೋಸ ಇದೆ ಇದರಲ್ಲಿ."

ಮೇಷ್ಟ್ರನ್ನೇ ಕೇಳಬಹುದಿತ್ತು. ಕೇಳಿದರೆ ಸುಳ್ಳು ಹೇಳುತ್ತಾರೆ ಎಂದು ಕೇಳಲಿಲ್ಲ. ಮರುದಿನ ಬೆಳ್ಳಿಯ ಪಾಠದ ಹೊತ್ತಿಗೆ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ತೆವಳಿ ಬಂದು ಲಂಟಾನ ಪೊದೆಯಲ್ಲಿ ಅಡಗಿ ಕೂತಳು.

"ಓಡು ಬೆಳ್ಳಿ! ಎಡಕ್ಕೆ! ಬಲಕ್ಕೆ! ಸೊಟ್ಟ ಸೊಟ್ಟ ಓಡು!" ಮೇಷ್ಟ್ರು ತಾವೇ ಬಾಲ ಬೀಸಿಕೊಂಡು ಹಿಂದೆ ಓಡುತ್ತಿದ್ದರು. "ಈಗ ಪೊದೆಗೆ ನುಗ್ಗು! ಉಸಿರು ಬಿಗಿಹಿಡಿ! ಭೇಷ್!"

ತುಂಗಕ್ಕನ ಮೈಯೆಲ್ಲ ಉರಿದುಹೋಯಿತು. 'ಅವಳಿಗೆ ಇಷ್ಟೊಂದು, ನಮ್ಮವನಿಗೆ ಬರೀ ನಿಲ್ಲೋದಾ! ಆಟ ಆಡ್ಕೊಂಡಿರಲಿ ಅಂದಳಲ್ಲ ಪದ್ದಕ್ಕ, ಇದೇನಾ ಆ ಆಟ?'

ಅವತ್ತಿನಿಂದ ಮನೆಯಲ್ಲಿ ಬೇರೆಯೇ ಟ್ಯೂಷನ್ ಶುರುವಾಯಿತು.

"ಓಡೋ! ಎಡಕ್ಕೆ! ಬಲಕ್ಕೆ! ಪೊದೆಗೆ ನುಗ್ಗು!"

"ಅಮ್ಮ, ಇದು ಮೊಲದ ಪಾಠ," ಎಂದ ಮೋಟ. ಅವನ ಕಾಲು ಗಿಡ್ಡ. ಓಡಿ ಓಡಿ ಹೊಟ್ಟೆಯೆಲ್ಲ ಮುಳ್ಳು ಗೀರಿತ್ತು.

"ಇದೇ ನಿಜವಾದ ಪಾಠ ಕಣೋ. ನಿನಗೆ ಹೇಳಿಕೊಟ್ಟಿದ್ದು ಕಾಟಾಚಾರಕ್ಕೆ. ಪರೀಕ್ಷೆಯಲ್ಲಿ ಏನಾದ್ರೂ ಕಲ್ಲಿನ ಹಾಗೆ ನಿಂತೆಯೋ, ಜೋಕೆ! ಮೇಷ್ಟ್ರ ಹತ್ರ ಬಾಯಿ ಬಿಡಬೇಡ."

ಪರೀಕ್ಷೆಯ ದಿನ ಬಂತು. ಗುಡ್ಡದ ಮೇಲೆ ಮಕ್ಕಳು ಸಾಲಾಗಿ ಕೂತರು, ತಾಯಂದಿರು ಬಂಡೆಯ ಆಚೆಯಿಂದ ಕತ್ತು ಚಾಚಿದರು. ಶಾಲೆಯ ಹೆಡ್ ಮೇಡಂ ಮುಳ್ಳಮ್ಮ ಎಂಬ ಮುಳ್ಳುಹಂದಿ. ಆಕೆ ಎದ್ದು ನಿಂತರೆ ಮುಳ್ಳುಗಳು ಗಲಗಲ ಎನ್ನುತ್ತಿದ್ದವು.

"ಒಂದೇ ಪ್ರಶ್ನೆ," ಎಂದರು ಮೇಡಂ. "ಎದುರಿಗೆ ಹಾವು ಬರುತ್ತೆ. ನಿಮಗೆ ಬರೋದನ್ನ ಮಾಡಿ ತೋರಿಸಿ."

ಮೊದಲು ಬೆಳ್ಳಿ. ಬಂಡೆಯ ಸಂದಿನಿಂದ ಶಾಲೆಯ ಕಾವಲುಗಾರ ಕೇರೆಹಾವು ಸರಸರನೆ ಹೊರಗೆ ಬಂತು. ಬೆಳ್ಳಿ ಸೊಟ್ಟ ಸೊಟ್ಟ ಓಡಿ ಪೊದೆಯೊಳಗೆ ಮಾಯ. ಕಿವಿಯ ತುದಿಯೂ ಕಾಣಲಿಲ್ಲ.

"ಭೇಷ್!" ಎಂದರು ಮೇಡಂ. ತುಂಗಕ್ಕ ಹಲ್ಲು ಬಿಗಿಹಿಡಿದು ನಕ್ಕಳು. ತಾನು ಊಹಿಸಿದ್ದೇ ಸರಿ!

ಈಗ ಮೋಟನ ಸರದಿ. ಕೇರೆಹಾವು ಅರ್ಧ ಮಾತ್ರ ಹೊರಗೆ ಬಂತು. ಮೋಟನ ಬೆನ್ನಿನ ಕೂದಲು ನಿಮಿರಿತು. ನಾಲ್ಕು ಕಾಲೂ ನೆಲಕ್ಕೆ ನಾಟಿದವು. ಹಾವಿನ ಕಣ್ಣನ್ನೇ ನೋಡುತ್ತ ನಿಂತ.

ಬಂಡೆಯ ಆಚೆಯಿಂದ ತುಂಗಕ್ಕ ಕೆಮ್ಮಿದಳು.

ಮೋಟ ಬೆಚ್ಚಿಬಿದ್ದು ಓಡಿದ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಪೊದೆಗೆ ನುಗ್ಗಿದ. ಉದ್ದನೆಯ ಬಾಲ ಪೂರ್ತಿ ಹೊರಗೇ ಉಳಿಯಿತು.

ಕೇರೆಹಾವು ತಲೆಯೆತ್ತಿತು. "ಮೇಡಂ, ಮುಂಗುಸಿ ಮಗು ಬರುತ್ತೆ ಅಂತ ತಿಳಿದು ಇವತ್ತು ನಾನು ರಜೆ ಕೇಳಿದ್ದೆ. ನೀವು ಕೊಡಲಿಲ್ಲ. ಪ್ರಾಣ ಕೈಲಿ ಹಿಡ್ಕೊಂಡು ಬಂದೆ. ಇದೇನು ಮೇಡಂ?"

ಮುಳ್ಳಮ್ಮ ಮೇಡಂ ನಿಟ್ಟುಸಿರು ಬಿಟ್ಟರು. "ಓಡೋದಕ್ಕೆ ಮೊಲ ಸಿಕ್ಕಳು. ಎದುರು ನಿಲ್ಲೋದಕ್ಕೆ ಒಬ್ಬ ಮುಂಗುಸಿ ಬೇಕಿತ್ತು. ಈ ಸಲ ಬಂದವನು ನೀನೊಬ್ಬನೇ, ಮಗು. ಆ ಸೀಟು ಖಾಲಿ ಇರಲಿ. ಮುಂದಿನವರು!"

ಗುಡ್ಡ ಇಳಿಯುವಾಗ ತುಂಗಕ್ಕ ಗೊಣಗಾಡುತ್ತಲೇ ಇದ್ದಳು. "ಆ ಉಡ, ಆ ಪದ್ದಕ್ಕ, ಇಬ್ಬರೂ ಸೇರಿಕೊಂಡಿದ್ದಾರೆ. ನಾನು ಪೊದೆಯಲ್ಲಿ ಕೂತಿದ್ದು ಗೊತ್ತಾಗಿ ಬೇಕಂತಲೇ ಹಾಗೆ ಕುಣಿದಿದ್ದಾರೆ. ಆ ಮೇಡಂಗೂ ಏನು ಸಂದಾಯವಾಗಿದೆಯೋ!"

ಮೋಟ ಮೆಲ್ಲಗೆ ಹೇಳಿದ. "ಹಾವು ಕಂಡ ಕೂಡಲೇ ನನ್ನ ಕಾಲು ತಾನಾಗೇ ನಿಂತಿತ್ತಮ್ಮ. ನಾನೇ ಗದರಿ ಓಡಿಸಿದೆ."

"ನಿಂತೇ ಇದ್ದಿದ್ರೆ ಆಗ್ತಿತ್ತಲ್ಲೋ! ಓಡು ಅಂತ ನಿನಗೆ ಹೇಳಿದವರು ಯಾರು?"

ಮೋಟ ತಲೆಯೆತ್ತಿ ಅವಳ ಮುಖ ನೋಡಿದ. "ನೀನೇ ಅಮ್ಮ."

ತುಂಗಕ್ಕ ಹಿಂದೆ ನೋಡಿದಳು, ಮುಂದೆ ನೋಡಿದಳು. ಸಂಶಯ ಪಡುವುದಕ್ಕೆ ಇನ್ನು ಯಾರೂ ಉಳಿದಿರಲಿಲ್ಲ.

ನೀತಿ: ಪಕ್ಕದ ಮಗುವಿನ ಗುಟ್ಟು ಹುಡುಕುತ್ತ ಕೂತವರ ಕಣ್ಣಿಗೆ ತಮ್ಮ ಮಗುವಿನ ಗುಣ ಕಾಣುವುದಿಲ್ಲ.